ಮರಳು ಮೂಟೆಯ ಜೊತೆ ಒಂದು ತೂಕದ ಮಾತುಕತೆ

ದಸರಾ ತಾಲೀಮು ಮುಗಿಸಿ ಮೈಸೂರು ಅರಮನೆ ಆವರಣದಲ್ಲಿ ಒರಗಿದ್ದ ಮರಳು ಮೂಟೆ ಮಾತಿಗೆ ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ಫೋಟೊದಲ್ಲಿ ಆನೆ ಇರಕೂಡದು. ಆನೆ ಇದ್ದರೆ ತನ್ನನ್ನು ಯಾರೂ ನೋಡುವುದಿಲ್ಲವಂತೆ.

ತಮ್ಮ ಹುದ್ದೆ?

ಚಿನ್ನದ ಅಂಬಾರಿಯ ಬದಲಿ. ಅದು 750 ಕೆ.ಜಿ. ಇದೆ, ವಿಜಯದಶಮಿಯಂದು ಬೆನ್ನೇರಿ ಹೆಸರು ಹೊಡೆದುಕೊಳ್ಳುತ್ತೆ. ಅದಕ್ಕೂ ಮುಂಚೆ ವಾರಗಟ್ಟಲೆ ಬೆನ್ನೇರೋರು ನಾವು.

ಏರಿಸೋದು ಹೇಗೆ?

ಮೊದಲು ಭಾರವಿಲ್ಲದ ನಡಿಗೆ. ಆಮೇಲೆ ನಮ್ದಾ ಅನ್ನೋ ಮೆತ್ತೆ ಹಾಸಿ, ಗಾದಿ ಇಟ್ಟು, ಹಗ್ಗ ಬಿಗಿದು, ತೊಟ್ಟಿಲು ಕಟ್ಟಿ ನಮ್ಮನ್ನ ತುಂಬ್ತಾರೆ. ಎಡಕ್ಕೆ ಎಷ್ಟೋ ಬಲಕ್ಕೂ ಅಷ್ಟೇ. ಚೂರು ವಾಲಿದರೂ ಮಾವುತ ನಿಲ್ಲಿಸಿ ಬಿಚ್ಚಿಸ್ತಾನೆ. ದಿನ ಕಳೆದಂತೆ ಭಾರ ಏರುತ್ತೆ, ಬನ್ನಿಮಂಟಪದವರೆಗೆ ಸುಮಾರು 5 ಕಿ.ಮೀ. ನಡಿಗೆ. ಕೊನೆಗೆ ಮರದ ಅಂಬಾರಿ. 2020ರಲ್ಲಿ ಮೊದಲ ಸಲ ಚಿನ್ನದ ಅಂಬಾರಿ ಹೊತ್ತ ಆನೆ ಅಭಿಮನ್ಯುವೂ ನಮ್ಮನ್ನ ಹೊತ್ತೇ ಪಾಸಾಗಿದ್ದು.

ಸದ್ದು ಗದ್ದಲಕ್ಕೆ?

ಜಂಬೂಸವಾರಿಗೆ 21 ಕುಶಾಲತೋಪು. ಆವತ್ತೇ ಮೊದಲು ಕೇಳಿದ ಆನೆ ಯಾವ ಕಡೆ ಓಡುತ್ತೋ! ಅದಕ್ಕೇ ಮುಂಚೆಯೇ ಆನೆ, ಕುದುರೆಗಳನ್ನ ನಿಲ್ಲಿಸಿ ಫಿರಂಗಿ ಸಿಡಿಸ್ತಾರೆ. ಬೆಚ್ಚೋರು ಯಾರು ಅಂತ ಅಲ್ಲೇ ಗೊತ್ತಾಗುತ್ತೆ.

ಆನೆ ಸರಿ. ದೊಡ್ಡ ಉತ್ಸವಗಳ ಉಳಿದ ವ್ಯವಸ್ಥೆ?

(ಮೂಟೆಯ ಹೊಲಿಗೆಯಿಂದ ಒಂದಿಷ್ಟು ಮರಳು ಸುರಿಯಿತು. ನಕ್ಕಿರಬೇಕು.) ಟಿಕೆಟ್ ಮಾರೋ ವೆಬ್‌ಸೈಟಿನ ಮೇಲೆ ಯಾರಾದ್ರೂ ಮೂಟೆ ಹೇರಿ ನೋಡ್ತಾರಾ? ಕಚೇರಿಯಲ್ಲಿ ನಾಲ್ಕು ಜನ ಒತ್ತಿ 'ಓಕೆ ಸಾರ್' ಅಂತಾರೆ. ಬೆಳಿಗ್ಗೆ ಊರೆಲ್ಲ ಒಟ್ಟಿಗೆ ಒತ್ತಿದಾಗ ಚಕ್ರ ತಿರುಗೋಕೆ ಶುರು. ಯಾವ ಊರು ಅಂತ ಕೇಳ್ಬೇಡಿ. ಕ್ರಿಕೆಟ್ಟಾಗಲಿ, ಜಾತ್ರೆಯಾಗಲಿ, ಕಥೆ ಒಂದೇ.

ಲಾರಿ ಮೇಲೆ ತಾತ್ಕಾಲಿಕ ಮೊಬೈಲ್ ಟವರ್ ತರ್ತಾರಲ್ಲ?

ಪಾಪ, ಅದನ್ನ ಬೈಬೇಡಿ. ಒಂದು ಟವರಿನ ಶಕ್ತಿಯನ್ನ ಅದರ ವ್ಯಾಪ್ತಿಯಲ್ಲಿ ಇರೋರೆಲ್ಲ ಹಂಚ್ಕೋಬೇಕು. ಅಂಬಾರಿ ಕಂಡ ಕ್ಷಣ ಎಲ್ಲರೂ ಲೈವ್! ವಿಡಿಯೊ ಮೇಲಕ್ಕೆ ಹೋಗೋ ದಾರಿಯಂತೂ ಇನ್ನೂ ಕಿರಿದು. ಇತ್ತ ಚುರುಮುರಿ ಗಾಡಿ ಮುಂದೆ ಕೊಂಡವನೂ ಮಾರಿದವನೂ ಒಬ್ಬರ ಮುಖ ಒಬ್ಬರು ನೋಡ್ತಾ ನಿಂತಿರ್ತಾರೆ. ಫೋನಿಂದ ದುಡ್ಡು ಹೋಯ್ತೋ ಇಲ್ವೋ, ಚಾಮುಂಡಿಗೇ ಗೊತ್ತು.

ವಿಜಯದಶಮಿಯಂದು ತಾವೆಲ್ಲಿ?

ಗೋದಾಮಲ್ಲಿ. ಪಾಸ್ ಸಿಕ್ಕಿಲ್ಲ.

ಓದುಗರಿಗೆ ಏನಾದರೂ?

ಜೇಬಲ್ಲಿ ಚಿಲ್ಲರೆ ಇಟ್ಕೊಂಡು ಬನ್ನಿ. ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕು ಅನ್ನೋದನ್ನ ಮನೆಯಲ್ಲೇ ಮಾತಾಡ್ಕೊಳ್ಳಿ, ಮಕ್ಕಳ ಜೇಬಿಗೆ ಫೋನ್ ನಂಬರಿನ ಚೀಟಿ ಹಾಕಿ. ವಿಡಿಯೊನ ರಾತ್ರಿ ಮನೆಗೆ ಹೋಗಿ ಕಳಿಸಿದ್ರೆ ಸಾಕು.