ಅಟ್ಟದ ಮೇಲಿನ ಸರ್ವರ್

ಹಳೆಯ ಸರ್ವರ್ ಎಂದರೆ ಕಂಪನಿಯಿಂದ ನಿವೃತ್ತಿಯಾಗಿ ಮನೆಯೊಂದರಲ್ಲಿ ಮತ್ತೆ ಚಾಕರಿಗೆ ಸೇರುವ ಕಂಪ್ಯೂಟರು. ವಾರಂಟಿ ಮುಗಿಯಿತೆಂದು ಕಚೇರಿಗಳು ಕೈಬಿಟ್ಟ ಯಂತ್ರಗಳು ಬೆಂಗಳೂರಿನ ಟೌನ್‌ಹಾಲ್ ಸಮೀಪದ ಎಸ್.ಪಿ. ರೋಡಿನಂಥ ಕಡೆ ಬಂದು ಬೀಳುತ್ತವೆ. 2012ರಲ್ಲಿ ಬಂದ ಡೆಲ್ ಪವರ್‌ಎಡ್ಜ್ ಆರ್720 ಈ ಜಾತಿಯ ಒಳ್ಳೆಯ ತಳಿ: ಎರಡು ಪ್ರೊಸೆಸರ್, ಎರಡು ಪವರ್ ಸಪ್ಲೈ, ಮೆಮೊರಿಗೆ 24 ಸ್ಲಾಟು. ಹೊಸದರಲ್ಲಿ ಲಕ್ಷಗಳಲ್ಲಿ ಮಾತಾಡುತ್ತಿದ್ದದ್ದು ಈಗ ಸಾಧಾರಣ ಮೊಬೈಲಿನ ಬೆಲೆಗೆ ಸಿಗುತ್ತದೆ. ಕೊಳ್ಳುವವನ ವಿವೇಕ ಕೈಕೊಡುವುದು ಇಲ್ಲೇ.

ಇದರ ಎತ್ತರ ಮೂರೂವರೆ ಇಂಚು, ಅಗಲ ಒಂದೂವರೆ ಅಡಿ, ಉದ್ದ ಎರಡು ಅಡಿಗೂ ಮಿಕ್ಕು. ಡಿಸ್ಕು ತುಂಬಿದರೆ ತೂಕ 30 ಕೆಜಿಯ ಆಸುಪಾಸು. ಸೋನಾಮಸೂರಿ ಚೀಲವಾದರೆ ಹೆಗಲಿನ ಮೇಲೆ ಒಂದಿಷ್ಟು ಮಣಿಯುತ್ತದೆ, ಸರ್ವರ್ ಮಣಿಯುವುದಿಲ್ಲ. ಆಟೋದ ಹಿಂದಿನ ಸೀಟಿನಲ್ಲಿ ಅದು ಕುಳಿತರೆ ಯಜಮಾನ ಅಂಚಿನಲ್ಲಿ ಕೂರಬೇಕು. ಮನೆ ಸೇರಿದ ಮೇಲೆ ಅದನ್ನಿಡಲು ಮೇಜು ಸಾಲದು, ಮಂಚದಡಿ ಗಾಳಿಯಿಲ್ಲ. ಕೊನೆಗೆ ಗೌರಿ ಹಬ್ಬದ ಪಾತ್ರೆಗಳನ್ನು ಸರಿಸಿ ಅಟ್ಟದಲ್ಲಿ ಜಾಗ ಮಾಡಲಾಗುತ್ತದೆ.

ಸ್ವಿಚ್ ಒತ್ತಿದ ಮೊದಲ ಕ್ಷಣ ಮನೆಯವರೆಲ್ಲ ನೆನಪಿಡುವಂಥದ್ದು. ಒಳಗಿನ ಆರು ಫ್ಯಾನುಗಳೂ ಒಟ್ಟಿಗೆ ಪೂರ್ಣ ವೇಗಕ್ಕೆ ಏರುತ್ತವೆ. ಅಡುಗೆಮನೆಯಿಂದ ಬರುವ ಮೊದಲ ಪ್ರಶ್ನೆ, ಮಿಕ್ಸಿಯನ್ನು ಯಾರು ಹಾಕಿದ್ದು ಎಂಬುದು. ಈ ಯಂತ್ರ ಹುಟ್ಟಿದ್ದು ಮನುಷ್ಯರು ಕೂರದ, ಹಗಲಿರುಳು ಏಸಿ ಓಡುವ ಕೋಣೆಗಾಗಿ. ಸದ್ದು ಅದರ ವಿನ್ಯಾಸಕಾರರ ಚಿಂತೆಯಾಗಿರಲಿಲ್ಲ. ಗದ್ದಲ ಇಳಿದ ಮೇಲೂ ತೆರೆಯ ಮೇಲೆ ಏನೂ ಮೂಡುವುದಿಲ್ಲ. ಅದು ತನ್ನ ಮೆಮೊರಿಯನ್ನು ಒಂದೊಂದಾಗಿ ತಪಾಸಣೆ ಮಾಡುತ್ತಿರುತ್ತದೆ. ಅಷ್ಟರಲ್ಲಿ ಒಂದು ಲೋಟ ಕಾಫಿ ಕುಡಿದು ಬರಬಹುದು. ತೆರೆ ಎಂದೆನಲ್ಲ, ಅದೂ ಸುಲಭಕ್ಕೆ ದಕ್ಕುವುದಲ್ಲ: ಸರ್ವರಿನ ಬೆನ್ನಿಗೆ ಇರುವುದು ಹಳೆಯ ನೀಲಿ ವಿಜಿಎ ಕಿಂಡಿ, ಮನೆಯ ಮಾನಿಟರಿಗೆ ಬೇಕಾದದ್ದು ಎಚ್‌ಡಿಎಂಐ. ಎಸ್.ಪಿ. ರೋಡಿಗೆ ಎರಡನೆಯ ಪ್ರಯಾಣ ಈ ಕನ್ವರ್ಟರಿಗಾಗಿ. ಮೂರನೆಯದು ನಾಣ್ಯದಷ್ಟಗಲದ ಸಿಆರ್2032 ಸೆಲ್ಲಿಗೆ. ಅದು ಸತ್ತಿದ್ದರೆ ಕರೆಂಟು ಹೋದಾಗಲೆಲ್ಲ ಯಂತ್ರ ಇವತ್ತಿನ ತಾರೀಖನ್ನು ಮರೆಯುತ್ತದೆ.

ಡೆಬಿಯನ್ ಲಿನಕ್ಸ್ ಹಾಕಿಕೊಳ್ಳುವುದು ಇಡೀ ವ್ಯವಹಾರದಲ್ಲಿ ಅತ್ಯಂತ ಸಲೀಸಾದ ಭಾಗ. ಅದು ಪುಕ್ಕಟೆ, ತೂಕವೂ ಇಲ್ಲ. ಅನಂತರ ಮದುವೆಯ ಫೋಟೋಗಳು, ನಾಮಕರಣದ ವಿಡಿಯೋ, ಒಂದಷ್ಟು ಹಳೆಯ ಸಿನಿಮಾಗಳು ಒಳಸೇರುತ್ತವೆ. ಊರಿಗೆ ಹೋದಾಗಲೂ ಅವನ್ನು ನೋಡುವ ಆಸೆ ಮಾತ್ರ ಅಷ್ಟು ಬೇಗ ಕೈಗೂಡುವುದಿಲ್ಲ. ಎಷ್ಟೋ ಇಂಟರ್‌ನೆಟ್ ಕಂಪನಿಗಳು ಹಲವು ಮನೆಗಳಿಗೆ ಸೇರಿ ಒಂದೇ ಐಪಿ ವಿಳಾಸ ಕೊಟ್ಟಿರುತ್ತವೆ. ವಠಾರಕ್ಕೆಲ್ಲ ಒಂದೇ ಮನೆ ನಂಬರಿದ್ದರೆ ಅಂಚೆಯವನಿಗೆ ಆಗುವ ಗತಿಯೇ ಇಲ್ಲಿಯೂ. ಸ್ವಂತ ವಿಳಾಸ ಬೇಕೆಂದರೆ ತಿಂಗಳು ತಿಂಗಳು ಬೇರೆ ಕಾಸು.

ಉಳಿದದ್ದು ಕರೆಂಟಿನ ಲೆಕ್ಕ. ಎರಡು ಪ್ರೊಸೆಸರಿನ ಇಂಥ ಯಂತ್ರ ಕೆಲಸವಿಲ್ಲದೆ ಕುಳಿತಾಗಲೂ 120 ವಾಟ್‌ನಷ್ಟು ಕುಡಿಯುವುದು ಸಾಮಾನ್ಯ. ಇಪ್ಪತ್ತನಾಲ್ಕು ಗಂಟೆಯೂ ಉರಿಸಿದರೆ ತಿಂಗಳಿಗೆ 86 ಯೂನಿಟ್. ಕುಡಿದದ್ದೆಲ್ಲ ಕಡೆಗೆ ಶಾಖವಾಗಿ ಹೊರಬರುವುದರಿಂದ ಬೀದಿಯ ಬೆಕ್ಕೊಂದು ಡಿಸೆಂಬರಿನಲ್ಲಿ ಅಟ್ಟಕ್ಕೆ ವಾಸ ಬದಲಿಸಿದರೆ ಅಚ್ಚರಿಯಿಲ್ಲ. ಈ ವ್ಯವಸ್ಥೆಯಿಂದ ಪೂರ್ಣ ತೃಪ್ತಿ ಪಡೆಯುವ ಜೀವ ಅದೊಂದೇ. 2023ರಲ್ಲಿ ಬಂದ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಇಡೀ ಬಿಲ್ಲನ್ನೂ ಕಟ್ಟಬೇಕು. ಮೊದಲು 120 ಯೂನಿಟ್ಟಿನಲ್ಲಿ ನೆಮ್ಮದಿಯಾಗಿದ್ದ ಮನೆಯ ಮೀಟರು ಈಗ 206 ತೋರಿಸುತ್ತದೆ.