ನಿನ್ನೆ ಔಟ್‌ಪುಟ್ ಬಂದಿತ್ತು ಸರ್

ಎಂಜಿನಿಯರಿಂಗ್ ಕಾಲೇಜಿನ ಜಾವಾ ಲ್ಯಾಬಿನಲ್ಲಿ ಅತಿ ಹೆಚ್ಚು ಕೇಳಿಬರುವ ಮಾತು ಯಾವುದೆಂದರೆ, "ನಿನ್ನೆ ಔಟ್‌ಪುಟ್ ಬಂದಿತ್ತು ಸರ್." ಅದರ ಬೆನ್ನಿಗೇ ಬರುವುದು, "ಪಕ್ಕದ ಸಿಸ್ಟಮ್‌ನಲ್ಲಿ ಈಗಲೂ ಬರ್ತಿದೆ ಸರ್." ಹಾಜರಿಯ ವಿಷಯದಲ್ಲಿ, ರೆಕಾರ್ಡ್ ಬರೆದ ವಿಷಯದಲ್ಲಿ ನಮ್ಮ ಮಕ್ಕಳು ಏನೇ ಹೇಳಲಿ, ಈ ಎರಡು ಮಾತನ್ನು ಮಾತ್ರ ನಾನು ಕಣ್ಣು ಮುಚ್ಚಿ ನಂಬುತ್ತೇನೆ. ನಿನ್ನೆ ಬಂದಿರುತ್ತದೆ. ಪಕ್ಕದಲ್ಲಿ ಬರುತ್ತಲೂ ಇರುತ್ತದೆ. ಇವನ ಮುಂದೆ ಮಾತ್ರ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ, ಮೇನ್ ಕ್ಲಾಸ್ ಸಿಗಲಿಲ್ಲ, ಲೋಡ್ ಆಗಲಿಲ್ಲ ಎಂದು ನಿಂತಿರುತ್ತದೆ. ಫೋಲ್ಡರ್ ತೆರೆದರೆ ಆ ಕ್ಲಾಸ್ ಫೈಲು ಅಲ್ಲೇ ಕೂತಿದೆ. ಹುಡುಗ ಬೆರಳಿಟ್ಟು ತೋರಿಸುತ್ತಾನೆ. ಜಾವಾಗೆ ಬೆರಳು ಕಾಣುವುದಿಲ್ಲ.

ಕಂಪೈಲ್ ಆದದ್ದು ರನ್ ಯಾಕೆ ಆಗಬಾರದು ಎನ್ನುವುದು ನ್ಯಾಯವಾದ ಪ್ರಶ್ನೆಯೇ. ಸಿ ಭಾಷೆಯಲ್ಲಿ ಪಳಗಿ ಬಂದವರಿಗಂತೂ ಇದು ಮೋಸದಂತೆ ಕಾಣುತ್ತದೆ. ಅಲ್ಲಿ ಲಿಂಕರ್ ಎಂಬುವನೊಬ್ಬನಿದ್ದಾನೆ. ಏನಾದರೂ ಕೊರತೆಯಿದ್ದರೆ ಸಾಮಾನ್ಯವಾಗಿ ಬಾಗಿಲಲ್ಲೇ ನಿಲ್ಲಿಸಿ ಕೇಳುತ್ತಾನೆ. ಜಾವಾ ಆ ವಿಚಾರಣೆಯನ್ನೆಲ್ಲ ಪ್ರೋಗ್ರಾಮ್ ಓಡುವ ಹೊತ್ತಿಗೆ ಮುಂದೂಡಿತು. ಅದಕ್ಕೆ ಕಾರಣವೂ ಇತ್ತು. ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ 1995ರಲ್ಲಿ ಜಾವಾವನ್ನು ಲೋಕಕ್ಕೆ ತೋರಿಸಿದಾಗ ಎಲ್ಲರ ಕಣ್ಣಿದ್ದದ್ದು ಬ್ರೌಸರಿನೊಳಗೆ ಕುಣಿಯುವ ಆಪ್ಲೆಟ್‌ಗಳ ಮೇಲೆ. ಎಲ್ಲಿಯದೋ ಸರ್ವರಿನಿಂದ ಒಂದೊಂದೇ ಕ್ಲಾಸ್ ಬೇಕಾದಾಗ ಬೇಕಾದಷ್ಟು ಇಳಿದು ಬರಬೇಕು. ಮೊದಲೇ ಎಲ್ಲವನ್ನೂ ಕಟ್ಟಿಟ್ಟುಕೊಳ್ಳುವ ಹಾಗಿಲ್ಲ. ಹೀಗಾಗಿ ಕಂಪೈಲರು ಹೆಸರನ್ನಷ್ಟೇ ಬರೆದಿಟ್ಟು ಕೈತೊಳೆದುಕೊಳ್ಳುತ್ತದೆ. ಆಪ್ಲೆಟ್‌ಗಳು ಸತ್ತು ಎಷ್ಟೋ ಕಾಲವಾಯಿತು. ಅವುಗಳಿಗೆ ಒದಗಿಬಂದ ಈ ಏರ್ಪಾಡು ನಮ್ಮ ಮೂರನೆಯ ಸೆಮಿಸ್ಟರಿನ ಹುಡುಗರನ್ನು ಇನ್ನೂ ಕಾಡುತ್ತಿದೆ.

ಹೆಸರು ಎಂದೆ. ಜಾವಾದಲ್ಲಿ ಹೆಸರೆಂದರೆ ಪೂರ್ತಿ ಹೆಸರು. ನಮ್ಮ ಹಳೇ ಮೈಸೂರು ಕಡೆ ಊರು ಮೊದಲು, ಆಮೇಲೆ ತಂದೆ, ಕೊನೆಗೆ ತಾನು: ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಧಾರವಾಡದ ಕಡೆ ತಾನು ಮೊದಲು, ತಂದೆ ಆಮೇಲೆ, ಮನೆತನ ಕೊನೆಗೆ: ದತ್ತಾತ್ರೇಯ ರಾಮಚಂದ್ರ ಬೇಂದ್ರೆ. ಇಂಟರ್‌ನೆಟ್ಟಿನ ವಿಳಾಸಗಳೆಲ್ಲ ಧಾರವಾಡದ ಪದ್ಧತಿಯವು. ಡಾಟ್ ಕಾಮ್, ಡಾಟ್ ಆರ್ಗ್ ಕೊನೆಗೆ ಬರುತ್ತವೆ. ಜಾವಾ ಅದೇ ವಿಳಾಸವನ್ನು ತಿರುಗಿಸಿ ಮೈಸೂರಿನ ಪದ್ಧತಿಗೆ ತಂದಿತು: ಮೊದಲು ಆರ್ಗ್, ಆಮೇಲೆ ಅಪಾಚೆ, ಆಮೇಲೆ ಇನ್ನೇನೋ, ಕಟ್ಟಕಡೆಗೆ ಕ್ಲಾಸಿನ ಹೆಸರು. ಜಗತ್ತಿನಲ್ಲಿ ಎಷ್ಟು ಪುಟ್ಟಪ್ಪಂದಿರಿದ್ದರೂ ಒಬ್ಬರ ಕಾಗದ ಇನ್ನೊಬ್ಬರಿಗೆ ಹೋಗಬಾರದೆಂಬ ಉದ್ದೇಶ. ಹುಡುಗರು ಏನು ಮಾಡುತ್ತಾರೆಂದರೆ, ಸೀದಾ ಪ್ಯಾಕೇಜಿನ, ಅಂದರೆ ಕ್ಲಾಸಿನ ಹೆಸರಿಗೆ ಮುಂಚೆ ಬರುವ ಆ ಊರಿನ, ಫೋಲ್ಡರಿನೊಳಗೇ ಹೊಕ್ಕು "ಪುಟ್ಟಪ್ಪ" ಎಂದು ಕೂಗುತ್ತಾರೆ. ಎದುರಿಗೇ ಕೂತವನನ್ನು ಮೈಕಟ್ಟು ನೋಡಿ ಗುರುತಿಸಿದ ಮೇಲೂ ಜಾವಾ, "ಇವರ ಹೆಸರು ಬರೀ ಪುಟ್ಟಪ್ಪ ಅಲ್ಲವಲ್ಲ, ರಾಂಗ್ ನೇಮ್" ಎಂದು ಆವರಣದಲ್ಲಿ ಬರೆದು ವಾಪಸು ಕಳಿಸುತ್ತದೆ. ಊರಿನ ಹೊರಗೆ ನಿಂತು ಪೂರ್ತಿ ಹೆಸರು ಹಿಡಿದು ಕರೆದರೇ ಅದಕ್ಕೆ ಸಮಾಧಾನ. ವಿಂಡೋಸ್‌ನಲ್ಲಿ ಇನ್ನೊಂದು ತಮಾಷೆಯಿದೆ. ಅದಕ್ಕೆ ಇಂಗ್ಲಿಷಿನ ದೊಡ್ಡಕ್ಷರ ಚಿಕ್ಕಕ್ಷರ ಎರಡೂ ಒಂದೇ, ಜಾವಾಗೆ ಬೇರೆ ಬೇರೆ. ಹಲೋ ಎಂಬ ಕ್ಲಾಸಿನ ಮೊದಲಕ್ಷರವನ್ನು ಚಿಕ್ಕದಾಗಿ ಟೈಪ್ ಮಾಡಿದರೆ ವಿಂಡೋಸು ಫೈಲನ್ನು ಹುಡುಕಿಕೊಡುತ್ತದೆ, ಜಾವಾ ಅದನ್ನು ತೆರೆದು ನೋಡಿ ಮತ್ತದೇ ರಾಂಗ್ ನೇಮ್ ಎನ್ನುತ್ತದೆ. ಹೆಸರಿನ ಕೊನೆಗೆ ಡಾಟ್ ಕ್ಲಾಸ್ ಎಂದು ಸೇರಿಸಿದರಂತೂ ಹಲೋ ಎಂಬ ಊರಿನಲ್ಲಿ ಕ್ಲಾಸ್ ಎಂಬುವರು ಯಾರಿದ್ದಾರೆಂದು ಹುಡುಕಲು ಹೊರಡುತ್ತದೆ.

ಇನ್ನು ಎಲ್ಲಿ ಹುಡುಕಬೇಕು ಎಂಬುದು. ಅದೇ ಕ್ಲಾಸ್‌ಪಾತ್. ಏನೂ ಹೇಳದಿದ್ದರೆ ಜಾವಾ ನೀವು ನಿಂತಿರುವ ಫೋಲ್ಡರಿನಲ್ಲಿ ನೋಡುತ್ತದೆ, ಅಲ್ಲಿಗೆ ತಕರಾರಿಲ್ಲ. ಆದರೆ ಹಳೆಯ ಕಂಪ್ಯೂಟರುಗಳಲ್ಲಿ ಯಾರೋ ಯಾವಾಗಲೋ ಹಾಕಿದ ತಂತ್ರಾಂಶವೊಂದು ಕ್ಲಾಸ್‌ಪಾತ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ ಸೃಷ್ಟಿಸಿ, ಕ್ಲಾಸುಗಳನ್ನು ಗಂಟು ಕಟ್ಟಿದ ತನ್ನದೊಂದು ಜಾರ್ ಫೈಲಿನ ದಾರಿಯನ್ನು ಅದರಲ್ಲಿ ಬರೆದು ಹೋಗಿರುತ್ತದೆ. ಆಮೇಲೆ ಜಾವಾ ಆ ಪಟ್ಟಿ ಬಿಟ್ಟು ಆಚೀಚೆ ಕತ್ತೆತ್ತುವುದಿಲ್ಲ. ನಿಂತ ಜಾಗದಲ್ಲೂ ನೋಡು ಎಂದು ಹೇಳಬೇಕಾದರೆ ಪಟ್ಟಿಯಲ್ಲಿ ಒಂದು ಚುಕ್ಕೆ ಇಡಬೇಕು. ಬರೀ ಒಂದು ಚುಕ್ಕೆ. ಒಂದು ಫೋಲ್ಡರಿನಿಂದ ಇನ್ನೊಂದನ್ನು ಬೇರೆ ಮಾಡಲು ವಿಂಡೋಸ್‌ನಲ್ಲಿ ಸೆಮಿಕೋಲನ್, ಲಿನಕ್ಸ್‌ನಲ್ಲಿ ಕೋಲನ್. ಲೇಖನ ಚಿಹ್ನೆಗಳು ಮುಖ್ಯ ಕಣ್ರೋ ಎಂದು ಹೈಸ್ಕೂಲಿನ ಕನ್ನಡ ಮೇಷ್ಟ್ರು ಬಡಕೊಂಡಾಗ ನಕ್ಕವರೆಲ್ಲ ಎಂಜಿನಿಯರಾಗಿ ಬೆಂಗಳೂರಿನ ಎಸಿ ರೂಮುಗಳಲ್ಲಿ ಕೂತು ಅದರ ಬಡ್ಡಿ ಕಟ್ಟುತ್ತಿದ್ದಾರೆ. ಆ ವೇರಿಯಬಲ್ಲನ್ನು ಅಳಿಸಿ, ರನ್ ಮಾಡುವಾಗಲೇ ಮೈನಸ್ ಸಿಪಿ ಎಂದು ದಾರಿ ಹೇಳಿಬಿಡುವುದು ಒಳ್ಳೆಯದು. ಕಂಪೈಲ್ ಮಾಡುವಾಗ ಒಮ್ಮೆ ಹೇಳಿದೆನಲ್ಲ ಎಂದರೆ ನಡೆಯದು. ಕಂಪೈಲರ್ ಬೇರೆ, ಓಡಿಸುವವನು ಬೇರೆ, ಇಬ್ಬರಿಗೂ ಮಾತುಕತೆಯಿಲ್ಲ.

ಎಕ್ಲಿಪ್ಸ್‌ನಂಥ ಐಡಿಇಗಳು ಬಂದ ಮೇಲೆ ಈ ಕಷ್ಟ ತೀರಿತು ಅಂತ ಜನ ಅಂದುಕೊಂಡರು. ತೀರಲಿಲ್ಲ, ಮರೆಗೆ ಸರಿಯಿತು. ಬಿಲ್ಡ್ ಪಾತ್‌ಗೆ ಜಾರ್ ಸೇರಿಸುವಾಗ ಹುಡುಗಿಯೊಬ್ಬಳು ಅದನ್ನು ಡೆಸ್ಕ್‌ಟಾಪಿನ "ನ್ಯೂ ಫೋಲ್ಡರ್ 2"ರಿಂದ ಆರಿಸಿಕೊಳ್ಳುತ್ತಾಳೆ. ಎಕ್ಲಿಪ್ಸ್ ಆ ದಾರಿಯನ್ನು ಅಕ್ಷರಶಃ ನೆನಪಿಟ್ಟುಕೊಳ್ಳುತ್ತದೆ. ಸಂಜೆ ಲ್ಯಾಬ್ ಇನ್‌ಸ್ಟ್ರಕ್ಟರ್ ಬಂದು ಡೆಸ್ಕ್‌ಟಾಪ್ ಗಲೀಜಾಗಿದೆ ಎಂದು ಎಲ್ಲವನ್ನೂ ಡಿಲೀಟ್ ಮಾಡುತ್ತಾರೆ. ನಿನ್ನೆ ಬಂದದ್ದು ಇವತ್ತು ಬಾರದಿರಲು ಇದಕ್ಕಿಂತ ಹೆಚ್ಚಿನ ಕಾರಣ ಬೇಕಿಲ್ಲ. ಆದರೆ ಎಕ್ಸ್‌ಟರ್ನಲ್ ಎಗ್ಸಾಮಿನರ್ ಎದುರಿಗೆ ಕೂತಿದ್ದಾಗ ಇದನ್ನು ವಿವರಿಸಲು ಅವಳಿಗೆ ಬಾಯಿ ಬರುವುದಿಲ್ಲ.

ವೈವಾದಲ್ಲಿ ಆ ಮಹಾಶಯರು ಕೇಳುವ ಪ್ರಿಯವಾದ ಪ್ರಶ್ನೆಯೊಂದಿದೆ: ಕ್ಲಾಸ್‌ನಾಟ್‌ಫೌಂಡ್‌ಎಕ್ಸೆಪ್ಷನ್‌ಗೂ ನೋಕ್ಲಾಸ್‌ಡೆಫ್‌ಫೌಂಡ್‌ಎರರ್‌ಗೂ ಏನಮ್ಮಾ ವ್ಯತ್ಯಾಸ? ಎರಡರ ಅರ್ಥವೂ ಸಿಗಲಿಲ್ಲ ಎಂದೇ. ಮೊದಲನೆಯದು, ಪ್ರೋಗ್ರಾಮ್ ಓಡುವಾಗ ಹೆಸರನ್ನು ಬರೀ ಅಕ್ಷರಗಳಾಗಿ ಕೊಟ್ಟು ಹುಡುಕಿಸಿದಾಗ ಬರುತ್ತದೆ. ಡೇಟಾಬೇಸ್ ಪ್ರೋಗ್ರಾಮಿನಲ್ಲಿ ಡ್ರೈವರಿನ ಹೆಸರನ್ನು ಕೊಟ್ಟು ಕ್ಲಾಸ್ ಡಾಟ್ ಫಾರ್‌ನೇಮ್ ಎಂದು ಬರೆಯುತ್ತೇವಲ್ಲ, ಹಾಗೆ. 2006ರ ಜಾವಾ 6 ಬಂದ ಮೇಲೆ, ಹೊಸ ಡ್ರೈವರುಗಳಿಗೆ ಆ ಸಾಲೇ ಬೇಕಿಲ್ಲ. ಜಾರ್ ದಾರಿಯಲ್ಲಿದ್ದರೆ ಡ್ರೈವರ್ ತಾನೇ ಎದ್ದು ಬರುತ್ತದೆ. ಆದರೂ ಲ್ಯಾಬ್ ಮ್ಯಾನ್ಯುಯಲ್ಲುಗಳಲ್ಲಿ ಆ ಸಾಲು ಮಂತ್ರದ ಹಾಗೆ ತಲೆಮಾರಿನಿಂದ ತಲೆಮಾರಿಗೆ ಸಾಗಿದೆ. ಎರಡನೆಯದು, ಕಂಪೈಲ್ ಆಗುವಾಗ ಇದ್ದದ್ದು ಓಡುವಾಗ ಇಲ್ಲದಾದಾಗ. ಇಷ್ಟು ಹೇಳಿದರೆ ಪೂರ್ತಿ ಮಾರ್ಕ್ಸು. ಆದರೆ ಎರಡನೆಯದಕ್ಕೆ ಇನ್ನೊಂದು ವೇಷವಿದೆ, ಅದನ್ನು ಯಾರೂ ಕೇಳುವುದಿಲ್ಲ. ಕ್ಲಾಸ್ ಇದೆ, ಸಿಕ್ಕಿದೆ, ಆದರೆ ಮೊದಲ ಸಲ ಎಬ್ಬಿಸುವಾಗ ಅದರ ಸ್ಟ್ಯಾಟಿಕ್ ಭಾಗದಲ್ಲಿ ಏನೋ ಮುಗ್ಗರಿಸಿದೆ. ಆಗ ನಿಜವಾದ ಕಾರಣವನ್ನು ಒಮ್ಮೆ ಹೇಳಲಾಗುತ್ತದೆ. ಹಳೆಯ ಜಾವಾಗಳಲ್ಲಿ ಆಮೇಲೆ ಎಷ್ಟು ಸಲ ಕೇಳಿದರೂ ಕ್ಲಾಸನ್ನು ಸಿದ್ಧಪಡಿಸಲಾಗಲಿಲ್ಲ ಎಂಬ ಉತ್ತರದೊಂದಿಗೆ ಬರೀ ಅದೇ ನೋಕ್ಲಾಸ್‌ಡೆಫ್‌ಫೌಂಡ್. ಜನ ಲಾಗ್ ಫೈಲಿನ ಕೊನೆಯ ಸಾಲು ನೋಡಿ ಜಾರ್ ಹುಡುಕಲು ಹೊರಡುತ್ತಾರೆ. ಕಾರಣ ಸಾವಿರಾರು ಸಾಲು ಮೇಲೆ ಕೂತಿರುತ್ತದೆ.

ಕೆಲವು ಎರರ್‌ಗಳು ನೋಡಲು ಭಯಂಕರ, ಗುಣದಲ್ಲಿ ಸಾಧು. ಅನ್‌ಸಪೋರ್ಟೆಡ್‌ಕ್ಲಾಸ್‌ವರ್ಷನ್‌ಎರರ್ ಅಂಥದ್ದು. ಫೈಲಿನ ವರ್ಷನ್ 55, ನನಗೆ ಗೊತ್ತಿರುವುದು 52ರವರೆಗೆ ಎನ್ನುತ್ತದೆ. ಜಾವಾ 55 ಯಾವಾಗ ಬಂತು ಎಂದು ಗಾಬರಿಯಾಗಬೇಡಿ. 44 ಕಳೆಯಿರಿ: 55 ಅಂದರೆ ಜಾವಾ 11, 52 ಅಂದರೆ ಜಾವಾ 8, 61 ಬಂದರೆ 17. ಹೊಸದರಲ್ಲಿ ಕಂಪೈಲ್ ಮಾಡಿ ಹಳೆಯದರಲ್ಲಿ ಓಡಿಸಿದ್ದೀರಿ, ಅಷ್ಟೇ. ಪ್ರತಿ ಕ್ಲಾಸ್ ಫೈಲಿನ ಮೊದಲ ನಾಲ್ಕು ಬೈಟುಗಳನ್ನು ಹೆಕ್ಸಾಡೆಸಿಮಲ್‌ನಲ್ಲಿ ಓದಿದರೆ "ಕೆಫೆಬೇಬ್" ಎಂದಾಗುತ್ತದೆ; ವರ್ಷನ್ ಸಂಖ್ಯೆ ಅದರ ಹಿಂದೆಯೇ ಇದೆ. ಭಾಷೆ ಕಟ್ಟಿದವರಿಗೂ ಒಂದಿಷ್ಟು ಪೋಲಿತನ ಇತ್ತೆಂದು ಇದನ್ನು ಕಂಡಾಗಲೆಲ್ಲ ನನಗೆ ಖುಷಿ. ಅನ್‌ಸ್ಯಾಟಿಸ್‌ಫೈಡ್‌ಲಿಂಕ್‌ಎರರ್ ಎಂಬ ಅತೃಪ್ತ ಆತ್ಮವೂ ಇದೆ. ಅದಕ್ಕೆ ಬೇಕಾದದ್ದು ಜಾರ್ ಅಲ್ಲ, ಡಿಎಲ್ಎಲ್ ಅಥವಾ ಡಾಟ್ ಎಸ್‌ಓ ಫೈಲು, ಅದೂ 64 ಬಿಟ್‌ಗೆ 64 ಬಿಟ್‌ನದೇ. ಅದಕ್ಕೆ ಕ್ಲಾಸ್‌ಪಾತ್ ತೋರಿಸಿದರೆ ಪ್ರಯೋಜನವಿಲ್ಲ, ಅದರ ಲೈಬ್ರರಿ ಪಾತ್ ಬೇರೆ.

ನನಗೆ ಸ್ವಲ್ಪ ಸಿಟ್ಟು ಬರುವುದು ಜಾರ್ ಫೈಲನ್ನೇ ನೇರವಾಗಿ ಓಡಿಸುವ ಮೈನಸ್ ಜಾರ್ ಮೇಲೆ. ಇದನ್ನು ಬಳಸಿದ ಕೂಡಲೇ ನೀವು ಕಷ್ಟಪಟ್ಟು ಬರೆದ ಮೈನಸ್ ಸಿಪಿಯನ್ನು ಜಾವಾ ತುಟಿಪಿಟಕ್ಕೆನ್ನದೆ ಕಡೆಗಣಿಸುತ್ತದೆ. ದಾರಿಯನ್ನು ಜಾರ್‌ನ ಒಳಗಿನ ಮ್ಯಾನಿಫೆಸ್ಟ್ ಫೈಲಿನಲ್ಲೇ ಬರೆಯಬೇಕಂತೆ. ಅಲ್ಲಿ ಒಂದು ಸಾಲು 72 ಬೈಟ್ ಮೀರಬಾರದು, ಕೊನೆಯ ಸಾಲಾದ ಮೇಲೆ ಎಂಟರ್ ಒತ್ತಿರಬೇಕು. ಒತ್ತದಿದ್ದರೆ ಆ ಸಾಲನ್ನೇ ಓದದೆ ಬಿಡಬಹುದು. ತಾಲ್ಲೂಕು ಕಚೇರಿಯ ಅರ್ಜಿ ನಮೂನೆಗಳಲ್ಲೂ ಇಂಥ ಕಟ್ಟಳೆಯನ್ನು ನಾನು ಕಂಡಿಲ್ಲ.

ಇಷ್ಟೆಲ್ಲ ಇಲ್ಲದ್ದರ ಕಥೆ. ಇಲ್ಲದ್ದು ಸುಲಭ, ತಂದಿಟ್ಟರೆ ಮುಗಿಯಿತು. ಜಾವಾದವರ ನಿದ್ದೆ ಕೆಡಿಸುವುದು ಎರಡೆರಡು ಇರುವುದು. ಒಂದೇ ಲೈಬ್ರರಿಯ ಹಳೆಯ ಜಾರ್, ಹೊಸ ಜಾರ್ ಎರಡೂ ದಾರಿಯಲ್ಲಿದ್ದರೆ ಜಾವಾ ಮೊದಲು ಸಿಕ್ಕಿದ್ದನ್ನು ಹಿಡಿಯುತ್ತದೆ, ಎರಡನೆಯದರತ್ತ ತಿರುಗಿಯೂ ನೋಡುವುದಿಲ್ಲ. ಹಳೆಯದರಲ್ಲಿ ಇಲ್ಲದ ಮೆಥಡ್ ಕೇಳಿದ ದಿನ ನೋಸಚ್‌ಮೆಥಡ್‌ಎರರ್. ಕೋಡ್ ತೆರೆದರೆ ಮೆಥಡ್ ಇದೆ, ಜಾರ್ ಬಿಚ್ಚಿದರೆ ಅಲ್ಲೂ ಇದೆ. ಯಾವ ಜಾರ್ ಬಿಚ್ಚಿದಿರಿ ಎನ್ನುವುದು ಪ್ರಶ್ನೆ. ಲಿಬ್ ಫೋಲ್ಡರಿಗೆ ನಕ್ಷತ್ರ ಹಾಕಿ ಎಲ್ಲ ಜಾರ್‌ಗಳನ್ನೂ ಒಟ್ಟಿಗೆ ಸೇರಿಸುವ ಸೌಲಭ್ಯ ಜಾವಾ 6ರಲ್ಲೇ ಬಂತು. ಆದರೆ ಯಾವುದು ಮೊದಲು, ಯಾವುದು ಆಮೇಲೆ ಎಂಬುದಕ್ಕೆ ಗ್ಯಾರಂಟಿಯಿಲ್ಲ; ಅದು ಯಂತ್ರದಿಂದ ಯಂತ್ರಕ್ಕೆ, ಒಂದೇ ಯಂತ್ರದಲ್ಲಿ ಗಳಿಗೆಯಿಂದ ಗಳಿಗೆಗೂ ಬದಲಾಗಬಹುದೆಂದು ಜಾವಾದ ಅಧಿಕೃತ ಕೈಪಿಡಿಯೇ ಹೇಳುತ್ತದೆ. ಪಕ್ಕದ ಸಿಸ್ಟಮ್‌ನಲ್ಲಿ ಬರ್ತಿದೆ ಎನ್ನುವ ಹುಡುಗನ ಮಾತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಎಲ್ಲಿಂದ ತರಲಿ?

ಮೇವನ್ ಎಂಬ ಬಿಲ್ಡ್ ಸಾಧನ ಬಂದು ಜಾರ್‌ಗಳನ್ನು ತಾನೇ ತರಿಸಿಕೊಡತೊಡಗಿತು. ಒಂದನ್ನು ಕೇಳಿದರೆ ಅದರ ನೆಂಟರು, ನೆಂಟರ ನೆಂಟರು ಎಲ್ಲರನ್ನೂ ಕರೆತರುತ್ತದೆ. ಒಂದೇ ಲೈಬ್ರರಿಯ ಎರಡು ವರ್ಷನ್ ಎದುರಾದರೆ ಸಂಬಂಧದಲ್ಲಿ ಯಾರು ಹತ್ತಿರದವರೋ ಅವರಿಗೇ ಜಾಗ. ಯಾರು ಹೊಸಬರು ಎಂದು ನೋಡುವುದಿಲ್ಲ. ಡಿಪೆಂಡೆನ್ಸಿ ಟ್ರೀ ಎಂಬ ಆದೇಶ ಕೊಟ್ಟರೆ ಇಡೀ ವಂಶವೃಕ್ಷ ಅಚ್ಚಾಗುತ್ತದೆ. ಎರರ್ ಬರುವ ಮೊದಲೇ ಅದನ್ನು ಓದಿದವರನ್ನು ನಾನು ನೋಡಿಲ್ಲ.

ಎರಡರ ತೊಂದರೆಯ ತುತ್ತತುದಿ ಟಾಮ್‌ಕ್ಯಾಟ್‌ನಂಥ ಸರ್ವರುಗಳಲ್ಲಿದೆ. ಸರ್ವರಿನ ಲಿಬ್‌ನಲ್ಲಿ ಒಂದು ಜಾರ್, ನಿಮ್ಮ ಅಪ್ಲಿಕೇಶನ್ನಿನ ಲಿಬ್‌ನಲ್ಲಿ ಅದೇ ಜಾರ್. ವರ್ಷನ್ ಕೂಡ ಒಂದೇ. ಇಬ್ಬರು ಕ್ಲಾಸ್‌ಲೋಡರುಗಳು ತಮ್ಮ ತಮ್ಮದನ್ನು ಎತ್ತಿಕೊಂಡರೆ ಬರುವ ಎರರ್ ಹೀಗಿರುತ್ತದೆ: ಇಂಥ ಕ್ಲಾಸನ್ನು ಇಂಥ ಕ್ಲಾಸಾಗಿ ಬದಲಿಸಲಾಗದು. ಎರಡು ಕಡೆಯೂ ಅದೇ ಹೆಸರು, ಅಕ್ಷರಕ್ಕೆ ಅಕ್ಷರ! ಯಾರು ಎತ್ತಿ ತಂದರು ಎಂಬುದೂ ಸೇರಿಯೇ ಜಾವಾಗೆ ಒಂದು ಕ್ಲಾಸಿನ ಗುರುತು ಪೂರ್ಣವಾಗುವುದು. ಇದನ್ನು ಮೊದಲ ಸಲ ಕಂಡವರು ಕನ್ನಡಕ ಒರೆಸಿಕೊಳ್ಳುತ್ತಾರೆ.

ಹೆಸರೇ ಬದಲಾದ ಪ್ರಸಂಗವೂ ಇದೆ. ಸನ್ ಕಂಪನಿ 2010ರಲ್ಲಿ ಒರಾಕಲ್ ಪಾಲಾಯಿತು. ಮುಂದೆ ಒರಾಕಲ್, ಸರ್ವರ್ ಪ್ರೋಗ್ರಾಮುಗಳಿಗೆಂದಿದ್ದ ಜಾವಾ ಇಇಯನ್ನು ಎಕ್ಲಿಪ್ಸ್ ಫೌಂಡೇಶನ್ನಿಗೆ ಒಪ್ಪಿಸಿತು. ಜಾವಾ ಎಂಬ ಟ್ರೇಡ್‌ಮಾರ್ಕನ್ನು ಮಾತ್ರ ಕೈಬಿಡಲಿಲ್ಲ. ಹೀಗಾಗಿ ಜಾವಾ ಇಇ ಎಂಬುದು ಜಕಾರ್ತಾ ಇಇ ಆಗಿ, 2020ರ ಜಕಾರ್ತಾ ಇಇ 9ರಲ್ಲಿ ಜಾವಾಎಕ್ಸ್ ಎಂದು ಶುರುವಾಗುತ್ತಿದ್ದ ಅಲ್ಲಿನ ಹೆಸರುಗಳೆಲ್ಲ ಜಕಾರ್ತಾ ಎಂದಾದವು. ಜಕಾರ್ತಾ ನಗರವಿರುವುದು ಜಾವಾ ದ್ವೀಪದಲ್ಲೇ ಎಂಬುದೊಂದು ಸಮಾಧಾನ. ಟಾಮ್‌ಕ್ಯಾಟ್ 9ರಲ್ಲಿ ಸುಖವಾಗಿದ್ದ ಪ್ರೋಗ್ರಾಮನ್ನು 10ಕ್ಕೆ ಹಾಕಿದವರು, ವಕೀಲರ ಜಗಳ ಹೀಗೆ ನೋಕ್ಲಾಸ್‌ಡೆಫ್‌ಫೌಂಡ್ ಆಗಿ ತಮ್ಮ ಟೇಬಲ್ಲಿಗೆ ಬರುತ್ತದೆಂದು ಎಣಿಸಿರಲಿಲ್ಲ.

ಓದಿ ಹೋದ ಹುಡುಗರು ಈಗಲೂ ಫೋನ್ ಮಾಡುತ್ತಾರೆ, ಹೆಚ್ಚಾಗಿ ರಾತ್ರಿ. ಮೊನ್ನೆ ಒಬ್ಬನಿಗೆ, ಮೈನಸ್ ವರ್ಬೋಸ್ ಕೋಲನ್ ಕ್ಲಾಸ್ ಹಾಕಿ ಓಡಿಸು, ಯಾವ ಕ್ಲಾಸ್ ಯಾವ ಜಾರ್‌ನಿಂದ ಬಂತೆಂದು ಅದೇ ಒಪ್ಪಿಸುತ್ತದೆ ಎಂದೆ. ಸ್ವಲ್ಪ ಹೊತ್ತಿಗೆ ಕಳ್ಳ ಸಿಕ್ಕ.

"ಹಳೇ ಜಾರ್ ಸರ್. ಆದ್ರೆ ಅದನ್ನ ಹೋದ ತಿಂಗಳೇ ತೆಗೆದಿದ್ವಿ ಸರ್."

"ತೆಗೆದಿದ್ವಿ ಅಂದ್ರೆ ಡಿಲೀಟ್ ಮಾಡಿದ್ರಾ?"

"ಡಿಲೀಟ್ ಹೆಂಗ್ ಮಾಡೋದು ಸರ್, ನಾಳೆ ಬೇಕಾದ್ರೆ? ಹೆಸರಿನ ಮುಂದೆ ಓಲ್ಡ್ ಅಂತ ಸೇರಿಸಿಟ್ವಿ."

"ಕೊನೆಗೆ ಡಾಟ್ ಜಾರ್ ಇದೆಯೇನಪ್ಪಾ?"

"ಇದೆ ಸರ್."

"ನಕ್ಷತ್ರಕ್ಕೆ ಅಷ್ಟು ಸಾಕು ಕಣಪ್ಪಾ, ಓಲ್ಡು ನ್ಯೂ ಅದಕ್ಕೆ ಗೊತ್ತಾಗಲ್ಲ. ಫೋಲ್ಡರಿನಿಂದಲೇ ಆಚೆ ಹಾಕು."

ಕೀಲಿಗಳ ಸದ್ದು ಕೇಳಿತು. ಆಮೇಲೆ ಅವನೇ ತಗ್ಗಿದ ದನಿಯಲ್ಲಿ, "ಸರ್, ಇಲ್ಲಿ ಓಲ್ಡ್ ಓಲ್ಡ್ ಅಂತ ಇನ್ನೊಂದಿದೆ. ಅದು ನಮ್ಮ ಟೀಮಿಂದಲ್ಲ ಸರ್, ಮ್ಯಾನೇಜರ್ ಇಟ್ಟಿದ್ದು. ಅದನ್ನ ಮುಟ್ಟಬಹುದಾ?" ಎಂದ.