ಮನೆಯಿಂದ ಮ್ಯಾನ್‌ಹೋಲಿನವರೆಗೆ

ಬೆಂಗಳೂರಿನಲ್ಲಿ ಹೊಸದಾಗಿ ಮನೆ ಕಟ್ಟಿಸಿದವರು ಗೃಹಪ್ರವೇಶದ ದಿನ ನೆಂಟರಿಷ್ಟರಿಗೆ ಏನೇನು ತೋರಿಸುತ್ತಾರೆಂದು ಗಮನಿಸಿದ್ದೀರಾ? ತೇಗದ ಬಾಗಿಲು, ದೇವರಮನೆಯ ಗಂಟೆ, ಅಡುಗೆಮನೆಯ ಚಿಮಣಿ, ತಾರಸಿಯ ಸೋಲಾರು. ಬಚ್ಚಲುಮನೆಯ ಟೈಲ್ಸನ್ನೂ ದೀಪ ಹಾಕಿ ತೋರಿಸುವವರುಂಟು. ಆದರೆ “ಬನ್ನಿ ಸಾರ್, ಗೇಟಿನ ಹತ್ತಿರ ಚೇಂಬರ್ ನೋಡಿ, ಎಂಥಾ ಸ್ಲೋಪ್ ಸಿಕ್ಕಿದೆ” ಎಂದು ಕೈಹಿಡಿದು ಕರೆದೊಯ್ದವರನ್ನು ನಾನಿನ್ನೂ ಕಂಡಿಲ್ಲ. ಹೋಳಿಗೆ ಊಟ ಮುಗಿಸಿ ಬಂಧುಬಳಗವೆಲ್ಲ ಕೈ ತೊಳೆದ ನೀರು ಮಾತ್ರ ಅದರ ಮೂಲಕವೇ ಹೋಗಬೇಕು.

ನಮ್ಮ ಎದುರಿನ ಸೈಟಿನಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಮನೆಗೆ ಪಾಯ ತೆಗೆಸಿದಾಗ ವಾಸ್ತುವಿನವರು ಬಂದು, ನೀರೆಲ್ಲ ಈಶಾನ್ಯಕ್ಕೇ ಹರಿಯಬೇಕೆಂದು ಹೇಳಿ ದಕ್ಷಿಣೆ ತೆಗೆದುಕೊಂಡು ಹೋದರು. ಬೀದಿಯ ಮ್ಯಾನ್‌ಹೋಲ್ ಇದ್ದದ್ದು ನೈರುತ್ಯದಲ್ಲಿ. ಮೇಸ್ತ್ರಿ ಸಂಧಾನಪ್ರಿಯ. “ಮೊದಲು ಈಶಾನ್ಯಕ್ಕೆ ಬಿಡೋಣ ಸಾರ್, ಆಮೇಲೆ ಕಾಂಪೌಂಡ್ ಗುಂಟ ಒಂದು ಸುತ್ತು ಹಾಕಿಸಿ ಈ ಕಡೆ ತಂದುಬಿಡೋಣ” ಎಂದ. ಪ್ಲಂಬರ್ ಒಪ್ಪಲಿಲ್ಲ. ನಾಲ್ಕಿಂಚಿನ ಪೈಪಿಗೆ ನಲವತ್ತಡಿಗೆ ಒಂದಡಿ ಇಳಿತ, ಆರಿಂಚಿನದಕ್ಕೆ ಅರವತ್ತಡಿಗೆ ಒಂದಡಿ. ಅವನ ಕಸುಬಿನಲ್ಲಿ ಇದು ಬಾಯಿಪಾಠದ ಲೆಕ್ಕ. ಮನೆಗೆ ಪ್ರದಕ್ಷಿಣೆ ಹಾಕಿಸುತ್ತ ಹೋದರೆ, ಗೇಟಿಗೆ ಬರುವ ಹೊತ್ತಿಗೆ ಪೈಪು ಬೀದಿಯ ಲೈನಿಗಿಂತ ಕೆಳಗೆ ಇಳಿದಿರುತ್ತದೆ. ಆಗ ನೀರು ನಮ್ಮಿಂದ ಬೀದಿಗೆ ಹೋಗುವ ಬದಲು ಬೀದಿಯಿಂದ ನಮ್ಮಲ್ಲಿಗೆ ಬರುತ್ತದೆ. ಮೇಷ್ಟ್ರು ಗಣಿತದವರು, ವಾಸ್ತುವನ್ನು ದೇವರಮನೆಗೆ ಸೀಮಿತಗೊಳಿಸಿದರು.

ಆಮೇಲೆ ಅರ್ಜಿ. ಕುಡಿಯುವ ನೀರಿನ ಸಂಪರ್ಕಕ್ಕೆ ಜನ ತೋರುವ ಉತ್ಸಾಹ ಒಳಚರಂಡಿಯ ಸಂಪರ್ಕಕ್ಕೆ ಇರುವುದಿಲ್ಲ. ಬರುವುದಕ್ಕೆ ಕಾಯುತ್ತೇವೆ, ಹೋಗುವುದು ಹೇಗೋ ಹೋಗುತ್ತದೆ ಎಂದುಕೊಳ್ಳುತ್ತೇವೆ. ಖಾತೆ, ತೆರಿಗೆ ರಸೀದಿ, ನಕ್ಷೆ ಎಲ್ಲ ಜೋಡಿಸಿದ ಮೇಲೂ ರಸ್ತೆ ಅಗೆಯಲು ಬೇರೆ ಅಪ್ಪಣೆ ಬೇಕು. ಮೇಲಿನ ಡಾಂಬರು ಪಾಲಿಕೆಯದು, ಕೆಳಗಿನ ಪೈಪು ಜಲಮಂಡಳಿಯದು. ಮೊಣಕಾಲುದ್ದದ ಮಣ್ಣಿನೊಳಗೆ ಎರಡು ಸಂಸ್ಥಾನಗಳಿವೆ ಎಂಬುದು ಗುದ್ದಲಿ ಹಿಡಿದವನಿಗೆ ಮಾತ್ರ ತಿಳಿಯುತ್ತದೆ. ಡಾಂಬರು ಬಿದ್ದ ಮರುವಾರವೇ ಅಗೆತ ಶುರುವಾಗುವುದನ್ನು ಕಂಡು ನಗುವವರು, ಅಪ್ಪಣೆಯಿಲ್ಲದೆ ರಾತ್ರೋರಾತ್ರಿ ಅಗೆದು ಮುಚ್ಚಿದ ಕಡೆ ಮಳೆಗಾಲದಲ್ಲಿ ಸ್ಕೂಟರಿನ ಮುಂಗಾಲಿ ಇಳಿದಾಗ ನಗುವುದಿಲ್ಲ.

ನಿಯಮಗಳ ಪೈಕಿ ನನಗೆ ಹೆಚ್ಚು ರುಚಿಸಿದ್ದು ಪೈಪಿಗೆ ಏನು ಬಿಡಬಾರದೆಂಬ ಪಟ್ಟಿ. ಉದ್ದಿಮೆಗಳು ಸಾರ್ವಜನಿಕ ಒಳಚರಂಡಿಗೆ ಬಿಡುವ ನೀರಿಗೆ 1986ರ ಪರಿಸರ ಸಂರಕ್ಷಣಾ ನಿಯಮಗಳು ಮಿತಿ ಹಾಕಿವೆ: ಪಿಎಚ್ 5.5ರಿಂದ 9ರೊಳಗಿರಬೇಕು, ತೇಲುವ ಕಣಗಳು ಲೀಟರಿಗೆ 600 ಮಿಲಿಗ್ರಾಂ ಮೀರಬಾರದು, ಎಣ್ಣೆ ಜಿಡ್ಡು 20 ಮಿಲಿಗ್ರಾಂ ಮೀರಬಾರದು. ಜಿಡ್ಡಿನ ಲೆಕ್ಕ ಹಾಕಿ ನೋಡಿದೆ. ಐದು ಗ್ರಾಂ ತುಪ್ಪ, ಅಂದರೆ ಬಿಸಿಬೇಳೆಬಾತಿನ ಮೇಲೆ ಬೀಳುವ ಒಂದು ಚಮಚ, 250 ಲೀಟರ್ ನೀರನ್ನು ಮಿತಿಗೆ ತಂದು ನಿಲ್ಲಿಸುತ್ತದೆ. ನಮ್ಮ ಕಲ್ಯಾಣಮಂಟಪಗಳ ಹಿಂಬದಿಯ ಮೋರಿಯನ್ನು ನೆನೆದು ಲೆಕ್ಕ ಅಲ್ಲಿಗೇ ಬಿಟ್ಟೆ.

ಕಟ್ಟಡದವರ ಪಾಪ ಬೇರೆ ಬಗೆಯದು. ಕಾಂಕ್ರೀಟ್ ಹಾಕಿ ಮುಗಿದ ಸಂಜೆ ಮಿಕ್ಸರು, ಬಾಂಡ್ಲಿ, ಸನಿಕೆ ತೊಳೆಯಬೇಕಲ್ಲ? ಹತ್ತಿರದಲ್ಲೇ ಹೊಸ ಚೇಂಬರ್ ಬಾಯಿ ತೆರೆದು ಕೂತಿರುತ್ತದೆ. ಸಿಮೆಂಟು ನೀರಿನ ಪಿಎಚ್ 12ರ ಆಸುಪಾಸು. ಅದಿರಲಿ, ಸಿಮೆಂಟಿನ ಹುಟ್ಟುಗುಣವೇ ನೀರಿನೊಳಗೂ ಗಟ್ಟಿಯಾಗುವುದು. ಪೈಪಿನ ತಳದಲ್ಲಿ ಅದು ತೆಪ್ಪಗೆ ಕೂತು ಕ್ಯೂರಿಂಗ್ ಆಗುತ್ತದೆ. ಇಷ್ಟು ಪರಿಪೂರ್ಣ ಕ್ಯೂರಿಂಗ್ ಮನೆಯ ಪಿಲ್ಲರಿಗೂ ಸಿಕ್ಕಿರುವುದಿಲ್ಲ! ಇನ್ನು ತಾರಸಿಯ ಮಳೆನೀರಿನ ಪೈಪನ್ನು ಸದ್ದಿಲ್ಲದೆ ಒಳಚರಂಡಿಗೆ ಸೇರಿಸುವವರಿದ್ದಾರೆ. ಅದು ನಿಷಿದ್ಧ, ಮಳೆನೀರಿಗೆ ಇಂಗುಗುಂಡಿ ಇದೆ, ರಾಜಕಾಲುವೆ ಇದೆ. ಆದರೂ ಸೇರಿಸುತ್ತಾರೆ. ಆಮೇಲೆ ಜೋರುಮಳೆಯಲ್ಲಿ ತಗ್ಗಿನ ಬೀದಿಯ ಮ್ಯಾನ್‌ಹೋಲ್ ಮುಚ್ಚಳ ಎದ್ದು ಕುಣಿಯುವುದನ್ನು ಟಿವಿಯಲ್ಲಿ ನೋಡಿ “ಛೆ, ಈ ಊರು” ಎನ್ನುತ್ತಾರೆ.

ಊರಿನದೂ ಒಂದು ತಮಾಷೆಯಿದೆ. ಬೆಂಗಳೂರು ಕೂತಿರುವುದು ಏರಿನ ಮೇಲೆ. ಜಲಮಂಡಳಿ ಹುಟ್ಟಿದ್ದು 1964ರಲ್ಲಿ, ಕಾವೇರಿ ಬಂದದ್ದು 1974ರಲ್ಲಿ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರ, ಕರೆಂಟು ಸುರಿದು ಮೇಲಕ್ಕೆ ತರುತ್ತೇವೆ. ಇಳಿಯುವುದಕ್ಕೆ ಮಾತ್ರ ಖರ್ಚಿಲ್ಲ. ಪಶ್ಚಿಮದ್ದು ವೃಷಭಾವತಿ ಕಣಿವೆಯಲ್ಲಿ ಇಳಿದು ಅರ್ಕಾವತಿ ಸೇರಿ, ಸಂಗಮದಲ್ಲಿ ಮತ್ತೆ ಕಾವೇರಿಯನ್ನೇ ಕಾಣುತ್ತದೆ; ತವರಿನಿಂದ ಹೊರಟಾಗಿನ ಮುಖಲಕ್ಷಣವಂತೂ ಉಳಿದಿರುವುದಿಲ್ಲ. ಹೆಬ್ಬಾಳ ಮತ್ತು ಕೋರಮಂಗಲ–ಚಲ್ಲಘಟ್ಟ ಕಣಿವೆಗಳದ್ದು ದಕ್ಷಿಣ ಪಿನಾಕಿನಿಯ ಕಡೆಗೆ. ನಡುದಾರಿಯಲ್ಲಿ ಬೆಳ್ಳಂದೂರು ಕೆರೆ ನೊರೆಯುಗುಳಿ, ಬೆಂಕಿಯನ್ನೂ ಹತ್ತಿಸಿಕೊಂಡು ದೇಶಾಂತರ ಖ್ಯಾತಿ ಗಳಿಸಿತು. ಆರಿಂಚಿನ ಪೈಪಿಗೆ ಸಹಿ ಹಾಕುವ ಎಂಜಿನಿಯರು ಹೀಗೆ ಎರಡು ನದಿಗಳಿಗೆ ಸಹಿ ಹಾಕುತ್ತಿರುತ್ತಾರೆ. ಅವರು ಸ್ವಲ್ಪ ನಿಧಾನ ಮಾಡಿದರೆ ನನಗೀಗ ಸಿಟ್ಟು ಬರುವುದಿಲ್ಲ. ನೋಡದೆ ಸಹಿ ಹಾಕಿದರೆ ಬರುತ್ತದೆ.

ಒಂದು ವಿಷಯದಲ್ಲಿ ಮಾತ್ರ ತಮಾಷೆ ಸಲ್ಲದು. ಪೈಪು ಕಟ್ಟಿಕೊಂಡರೆ “ಯಾರನ್ನಾದರೂ ಒಬ್ಬನ್ನ ಇಳಿಸಿ ತೆಗೆಸಿಬಿಡಿ” ಎನ್ನುವ ಮಾತು ಎಷ್ಟು ಸಲೀಸಾಗಿ ಬರುತ್ತದೆ! ರಕ್ಷಣಾ ಸಾಧನಗಳಿಲ್ಲದೆ ಹಾಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಮೊದಲ ತಪ್ಪಿಗೇ ಎರಡು ವರ್ಷದವರೆಗೆ ಜೈಲು, ಇಲ್ಲವೇ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಇಳಿದವನು ಸತ್ತರೆ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರಲ್ಲಿ 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ಏರಿಸಬೇಕಾಗಿ ಬಂತಲ್ಲ ಎಂಬುದೇ ಸಂಕಟ. ಜೆಟ್ಟಿಂಗ್ ಯಂತ್ರದ ಬಾಡಿಗೆ ಉಳಿಸಲು ಚೌಕಾಸಿ ಮಾಡುವ ಮನೆಯವರೂ ಹಾಗೆ ಇಳಿಸುವ ಗುತ್ತಿಗೆದಾರನ ಪಕ್ಕದಲ್ಲೇ ನಿಂತಿರುತ್ತಾರೆ.

ಮೇಷ್ಟ್ರ ಮನೆಗೆ ಬರೋಣ. ಅವರ ಸೂರು ಏಳುವ ಹೊತ್ತಿಗೆ 2024ರ ಬೇಸಿಗೆ. ಕಟ್ಟಡಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಮಾರ್ಚಿನಲ್ಲಿ ಆದೇಶ ಹೊರಡಿಸಿ, ಸಂಸ್ಕರಿಸಿದ ನೀರು ಬಳಸಿ ಎಂದಿತು. 2018ರಿಂದಲೇ ಕೋಲಾರದ ಕೆರೆಗಳಿಗೆ ನಮ್ಮ ಊರಿನ ಸಂಸ್ಕರಿಸಿದ ನೀರು ಹೋಗುತ್ತಿದ್ದಾಗ “ಒಳ್ಳೇ ಯೋಜನೆ” ಎಂದು ತಲೆದೂಗಿದ್ದ ಬೀದಿ, ಅದೇ ನೀರಿನ ಟ್ಯಾಂಕರು ಬೀದಿಗೆ ತಿರುಗಿದಾಗ ಮೂಗು ಮುಚ್ಚಿತು. ವಾಸನೆ ಇರಲಿಲ್ಲ, ಆದರೂ ಮುಚ್ಚಿತು. ಮೇಷ್ಟ್ರ ಹೆಂಡತಿಗೆ ದೇವರಮನೆಯ ಗೋಡೆಯದೇ ಚಿಂತೆ. ಪುರೋಹಿತರಿಗೆ ಫೋನು ಹೋಯಿತು. ಈ ನೀರಲ್ಲಿ ಕ್ಯೂರಿಂಗ್ ಮಾಡಿದ ಗೋಡೆಗೆ ಪುಣ್ಯಾಹ ಒಂದೇ ಸಾಕೋ, ಹೋಮ ಬೇಕೋ?

ಪುರೋಹಿತರು ಒಂದು ಕ್ಷಣ ಯೋಚಿಸಿ ಕೇಳಿದರಂತೆ: “ಸಿಮೆಂಟಿಗೆಲ್ಲಿಯ ಮಡಿ ಮೈಲಿಗೆ ತಾಯಿ? ಅದಿರಲಿ, ಟ್ಯಾಂಕರಿನವನ ನಂಬರ್ ಕೊಡ್ತೀರಾ? ನಮ್ಮನೆ ಕಾಂಪೌಂಡೂ ನಿಂತುಹೋಗಿದೆ.”